ವರ್ಣಪ್ರಿಯ ವಿಜ್ಞಾನಿ ಪಾಲ್ ಎರ್ಲಿಕ್

ಉಬ್ಬಸವು ಬಹು ಹಿಂದಿನಿಂದಲೂ ಮಾನವಕುಲವನ್ನು ಕಾಡುತ್ತ ಬಂದಿರುವ ವ್ಯಾಧಿ. ನಡುರಾತ್ರಿಯಲ್ಲಿ ಮನೆಮಂದಿಯೆಲ್ಲ ಗಾಢನಿದ್ರೆಯಲ್ಲಿರುವಾಗ ಈ ರೋಗದಿಂದ ಬಳಲುವವನು ಹಾಸಿಗೆಯ ಮೇಲೆ ಎದ್ದು ಕುಳಿತು, ಮುಂದಕ್ಕೆ ಬಾಗಿ, ಒಂದೊಂದು ಉಸಿರಿಗಾಗಿಯೂ ಹೆಣಗಾಡುತ್ತಾನೆ. ಅವನ ಎದೆಯೊಳಗಿನಿಂದ ಸಿಳ್ಳಿನಂಥ ಸದ್ದು ಹೊರಡುತ್ತದೆ. ಸುತ್ತಲೂ ಗಾಳಿ ತುಂಬಿದ್ದರೂ ಅದು ಅವನಿಗೆ ದಕ್ಕದು. ಗೂರಲು, ದಮ್ಮು ಎಂದು ಹಳ್ಳಿಗರು ಕರೆಯುವ ಈ ರೋಗಕ್ಕೆ ವೈದ್ಯರ ಭಾಷೆಯಲ್ಲಿ ಅಸ್ತಮಾ ಎಂದು ಹೆಸರು. ಇಂಥ ರೋಗಿ ಆಸ್ಪತ್ರೆಗೆ ಹೋದಾಗ ವೈದ್ಯರು ಅವನ ಎದೆಯನ್ನು ಪರೀಕ್ಷಿಸುವುದರ ಜೊತೆಗೆ ಒಂದಿಷ್ಟು ರಕ್ತವನ್ನೂ ತೆಗೆದು ಪರೀಕ್ಷೆಗೆ ಕಳುಹಿಸುವುದುಂಟು. ತೊಂದರೆಯಿರುವುದು ಶ್ವಾಸನಾಳಗಳಲ್ಲಿ; ಹೀಗಿರುವಾಗ ರಕ್ತವನ್ನು ನೋಡುವುದೇಕೆ?

ರಕ್ತಪರೀಕ್ಷೆಯ ವರದಿಯಲ್ಲಿ ಇದಕ್ಕೆ ಉತ್ತರವಿದೆ. ಬಿಳಿಯ ರಕ್ತಕಣಗಳ ಲೆಕ್ಕದಲ್ಲಿ ಇಯೋಸಿನೋಫಿಲ್ ಎಂಬ ಹೆಸರೂ ಅದರ ಮುಂದೆ ಒಂದು ಅಂಕಿಯೂ ಇರುತ್ತವೆ. ಆರೋಗ್ಯವಂತರ ರಕ್ತದಲ್ಲಿ ನೂರು ಬಿಳಿಯ ಕಣಗಳನ್ನು ಎಣಿಸಿದರೆ ಸಾಮಾನ್ಯವಾಗಿ ಅವುಗಳಲ್ಲಿ ಒಂದರಿಂದ ನಾಲ್ಕು ಮಾತ್ರ ಈ ಜಾತಿಗೆ ಸೇರಿರುತ್ತವೆ. ಅನೇಕ ಉಬ್ಬಸ ರೋಗಿಗಳಲ್ಲಿ ಈ ಸಂಖ್ಯೆ ಏರಿರುತ್ತದೆ. ನಮ್ಮ ಜನರು ಆಡುಮಾತಿನಲ್ಲಿ ಇಸ್ನೋಫಿಲಿಯಾ ಎನ್ನುವುದು ಈ ಏರಿಕೆಯನ್ನೇ. ಈ ಕಣವನ್ನು ಮೊಟ್ಟಮೊದಲು ಬೇರೆಯಾಗಿ ಗುರುತಿಸಿ ಅದಕ್ಕೆ ಹೆಸರಿಟ್ಟವರು ಜರ್ಮನಿಯ ತರುಣ ವೈದ್ಯರೊಬ್ಬರು. ಅವರ ಹೆಸರು ಪಾಲ್ ಎರ್ಲಿಕ್. 1879ರಲ್ಲಿ ಈ ಕಾರ್ಯವನ್ನು ಸಾಧಿಸಿದಾಗ ಅವರಿಗೆ ಕೇವಲ ಇಪ್ಪತ್ತೈದು ವರ್ಷ ವಯಸ್ಸು.

ಎರ್ಲಿಕ್ 1854ರ ಮಾರ್ಚ್ 14ರಂದು ಸೈಲೀಷಿಯಾ ಪ್ರಾಂತದ ಸ್ಟ್ರೇಲೆನ್ ಎಂಬ ಸಣ್ಣ ಪಟ್ಟಣದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ಆಗ ಪ್ರಷ್ಯಾ ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ಪೋಲೆಂಡ್ ದೇಶದಲ್ಲಿದೆ. ತಂದೆ ಇಸ್ಮಾರ್ ಎರ್ಲಿಕ್ ಅಲ್ಲಿ ವಸತಿಗೃಹವನ್ನು ನಡೆಸುತ್ತಿದ್ದರು. ತಾಯಿ ರೋಸಾ. ತಾಯಿಯ ಕಡೆಯ ಬಂಧುವಾದ ಕಾರ್ಲ್ ವೈಗರ್ಟ್ ಎಂಬವರು ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, ದೇಹದ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದರಲ್ಲಿ ನಿಪುಣರಾಗಿದ್ದರು. ವಯಸ್ಸಿನಲ್ಲಿ ಎರ್ಲಿಕ್‌ರಿಗಿಂತ ಒಂಬತ್ತು ವರ್ಷ ದೊಡ್ಡವರಾಗಿದ್ದ ವೈಗರ್ಟರೇ ಬಣ್ಣಗಳ ಅದ್ಭುತ ಪ್ರಪಂಚವನ್ನು ಹುಡುಗನಿಗೆ ಪರಿಚಯ ಮಾಡಿಕೊಟ್ಟರು.

ಅದು ಬಣ್ಣಗಳ ಇತಿಹಾಸದಲ್ಲಿಯೇ ಒಂದು ಹೊಸ ಯುಗ. 1856ರಲ್ಲಿ ಲಂಡನ್ನಿನಲ್ಲಿ ಪರ್ಕಿನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿಯು ಕಲ್ಲಿದ್ದಲ ಟಾರಿನಿಂದ ದೊರೆಯುವ ವಸ್ತುವೊಂದರಿಂದ ಆಕಸ್ಮಿಕವಾಗಿ ನೇರಿಳೆ ಬಣ್ಣವನ್ನು ಪಡೆದಿದ್ದನು. ಅಲ್ಲಿಯವರೆಗೆ ಗಿಡಮೂಲಿಕೆಗಳನ್ನೂ ಕೀಟಗಳನ್ನೂ ಆಶ್ರಯಿಸಿದ್ದ ಬಣ್ಣದ ಉದ್ಯಮವು ಅಂದಿನಿಂದ ರಸಾಯನಶಾಸ್ತ್ರದ ಕೈಗೆ ಬಂದಿತು. ಜರ್ಮನಿಯ ಕಾರ್ಖಾನೆಗಳು ವರ್ಷವರ್ಷವೂ ಹೊಸ ಹೊಸ ಬಣ್ಣಗಳನ್ನು ಹೊರತಂದವು. ವ್ಯಾಪಾರಿಗಳು ಅವುಗಳಿಂದ ರೇಷ್ಮೆಗೂ ಉಣ್ಣೆಗೂ ರಂಗೇರಿಸಿದರೆ, ವೈಗರ್ಟರಂಥ ವೈದ್ಯರು ಅವುಗಳಿಂದ ಜೀವಕೋಶಗಳಿಗೆ ರಂಗೇರಿಸಲು ತೊಡಗಿದರು. ಬಣ್ಣವಿಲ್ಲದೆ ಸೂಕ್ಷ್ಮದರ್ಶಕದಲ್ಲಿ ಮಸುಕಾಗಿ ಕಾಣುತ್ತಿದ್ದ ವಸ್ತುಗಳು ಬಣ್ಣ ಹಚ್ಚಿದೊಡನೆ ಸ್ಪಷ್ಟವಾಗಿ ಮೈದೋರುತ್ತಿದ್ದವು.

ಎರ್ಲಿಕ್ ಬ್ರೆಸ್ಲಾವ್ ನಗರದ ಶಾಲೆಯಲ್ಲಿ ಓದಿದರು. ಬಳಿಕ ಬ್ರೆಸ್ಲಾವ್, ಸ್ಟ್ರಾಸ್‌ಬುರ್ಗ್, ಫ್ರೈಬುರ್ಗ್ ಮತ್ತು ಲೈಪ್ಸಿಗ್ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಪಾಠಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದರಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಅವರ ಮನಸ್ಸೆಲ್ಲ ಬಣ್ಣಗಳಲ್ಲಿ ನೆಟ್ಟಿತ್ತು. ಸ್ಟ್ರಾಸ್‌ಬುರ್ಗಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಾಲ್ಡೇಯರ್ ಅವರು ಒಮ್ಮೆ ಈ ವಿದ್ಯಾರ್ಥಿಯ ಮೇಜಿನ ತುಂಬ ನಾನಾ ಬಣ್ಣದ ಕಲೆಗಳಿರುವುದನ್ನು ಕಂಡರು. ನಿಗದಿಯಾದ ಪಾಠವನ್ನು ಬಿಟ್ಟು ಅವನು ತನ್ನದೇ ಪ್ರಯೋಗಗಳಲ್ಲಿ ತೊಡಗಿದ್ದನು. ಗುರುಗಳು ಗದರಿಸಲಿಲ್ಲ, ಹುಡುಗನಲ್ಲಿದ್ದ ವಿಶೇಷ ಶಕ್ತಿಯನ್ನು ಗುರುತಿಸಿ, ಅವನ ಪಾಡಿಗೆ ಅವನನ್ನು ಬಿಟ್ಟರು. ಬಣ್ಣ ಹಚ್ಚುವುದರಲ್ಲಿ ಜಾಣನಾದರೂ ಈ ಹುಡುಗನು ಪರೀಕ್ಷೆಯಲ್ಲಿ ಎಂದೂ ತೇರ್ಗಡೆಯಾಗಲಾರನೆಂದು ಕೆಲವರು ಹಾಸ್ಯ ಮಾಡುತ್ತಿದ್ದರೆಂಬ ಕಥೆಯೂ ಪ್ರಚಾರದಲ್ಲಿದೆ.

ಈ ಬಣ್ಣದ ಹುಚ್ಚಿನ ಹಿಂದೆ ಒಂದು ಗಂಭೀರವಾದ ಪ್ರಶ್ನೆಯಿತ್ತು. ಸೀಸದ ವಿಷವು ದೇಹವನ್ನು ಸೇರಿದಾಗ ಅದು ಎಲ್ಲ ಅಂಗಗಳಲ್ಲಿಯೂ ಸಮನಾಗಿ ಹರಡದೆ ಕೆಲವು ಅಂಗಗಳಲ್ಲಿ ಮಾತ್ರ ಹೆಚ್ಚಾಗಿ ಸೇರಿಕೊಳ್ಳುತ್ತದೆಂಬ ವಿಷಯವನ್ನು ಎರ್ಲಿಕ್ ವಿದ್ಯಾರ್ಥಿದೆಸೆಯಲ್ಲಿಯೇ ಓದಿದ್ದರು. ಹೀಗೇಕೆ? ಒಂದು ವಸ್ತುವು ಒಂದು ಅಂಗವನ್ನು ಆರಿಸಿಕೊಂಡು ಇನ್ನೊಂದನ್ನು ಬಿಡುವುದೇಕೆ? ಬಣ್ಣಗಳ ನಡತೆಯೂ ಇಂಥದೇ. ಒಂದು ಬಣ್ಣ ಒಂದು ಕೋಶಕ್ಕೆ ಅಂಟುತ್ತದೆ, ಮತ್ತೊಂದನ್ನು ಮುಟ್ಟುವುದಿಲ್ಲ. ಬಣ್ಣವು ಕಣ್ಣಿಗೆ ಕಾಣುವುದರಿಂದ ವಸ್ತು ಹಾಗೂ ಜೀವಕೋಶಗಳ ನಡುವಣ ಈ ಸಂಬಂಧವನ್ನು ಅದರ ಮೂಲಕ ನೇರವಾಗಿ ನೋಡಬಹುದೆಂದು ಅವರು ಭಾವಿಸಿದರು. ಮುಂದೆ ಅವರ ಜೀವಮಾನದ ಸಾಧನೆಗಳೆಲ್ಲ ಈ ಒಂದು ಪ್ರಶ್ನೆಯಿಂದಲೇ ಕವಲೊಡೆದವು.

1878ರಲ್ಲಿ ಎರ್ಲಿಕ್ ಲೈಪ್ಸಿಗ್ ವಿಶ್ವವಿದ್ಯಾನಿಲಯಕ್ಕೆ ಅಂಗಾಂಶಗಳಿಗೆ ಬಣ್ಣ ಹಚ್ಚುವ ವಿಧಾನವನ್ನು ಕುರಿತ ಪ್ರೌಢಪ್ರಬಂಧವನ್ನು ಸಲ್ಲಿಸಿ ಪದವಿಯನ್ನು ಪಡೆದರು. ಒಡಲ ತುಂಬ ದಪ್ಪ ಕಣಿಕೆಗಳನ್ನು ಹೊತ್ತ ಒಂದು ಬಗೆಯ ಕೋಶವನ್ನು ಆ ಪ್ರಬಂಧದಲ್ಲಿ ಅವರು ವರ್ಣಿಸಿದ್ದರು. ಪುಷ್ಕಳವಾದ ಆಹಾರ ದೊರೆತದ್ದರಿಂದಲೇ ಅದು ಹೀಗೆ ತುಂಬಿಕೊಂಡಿದೆಯೆಂದು ಊಹಿಸಿ, ಚೆನ್ನಾಗಿ ತಿಂದುಂಡ ಕೋಶವೆಂಬ ಅರ್ಥದಲ್ಲಿ ಅದಕ್ಕೆ ಮಾಸ್ಟ್ ಕೋಶವೆಂದು ಹೆಸರಿಟ್ಟರು. ಅವರ ಆ ಊಹೆ ಮುಂದೆ ತಪ್ಪೆಂದು ತಿಳಿಯಿತು. ಆದರೆ ಅವರು ಕಂಡ ಕೋಶ ನಿಜವಾದುದೇ. ಉಬ್ಬಸದ ಆಕ್ರಮಣಕ್ಕೆ ಮೊದಲ ಕಿಡಿಯನ್ನು ಹಚ್ಚುವುದು ಅನೇಕ ವೇಳೆ ಈ ಕೋಶವೇ ಎಂಬುದು ಇಂದು ಸಿದ್ಧವಾಗಿದೆ.

ಅದೇ ವರ್ಷ ಎರ್ಲಿಕ್ ಬರ್ಲಿನ್ನಿನ ಪ್ರಖ್ಯಾತ ಷಾರಿಟೆ ಆಸ್ಪತ್ರೆಯನ್ನು ಸೇರಿದರು. ಅಲ್ಲಿನ ಮುಖ್ಯಸ್ಥರಾದ ಫ್ರೇರಿಕ್ಸ್ ಅವರು ಉದಾರ ಮನಸ್ಸಿನವರು. ತರುಣ ಸಹಾಯಕನು ತನ್ನ ಸಂಶೋಧನೆಗಳನ್ನು ಮುಂದುವರಿಸಲು ಅವರು ಅವಕಾಶ ಮಾಡಿಕೊಟ್ಟರು. ಇಲ್ಲಿ ಎರ್ಲಿಕ್‌ರ ದೃಷ್ಟಿ ರಕ್ತದ ಕಡೆಗೆ ಹರಿಯಿತು. ರಕ್ತದಲ್ಲಿ ಕೆಂಪು ಕಣಗಳೂ ಬಿಳಿಯ ಕಣಗಳೂ ಇರುವುದು ಆಗಲೇ ತಿಳಿದಿದ್ದಿತು. ಬಿಳಿಯ ಕಣಗಳಲ್ಲಿ ಕೆಲವು ಒರಟು ಕಣಿಕೆಗಳಿಂದ ಕೂಡಿರುವುದನ್ನೂ ಹಿಂದಿನವರು ಕಂಡಿದ್ದರು. ಆದರೆ ಬಣ್ಣವಿಲ್ಲದ ಆ ಕಣಗಳಲ್ಲಿ ಒಂದು ಬಗೆಯಿಂದ ಇನ್ನೊಂದು ಬಗೆಯನ್ನು ನಿಶ್ಚಿತವಾಗಿ ಬೇರ್ಪಡಿಸುವ ಉಪಾಯ ಯಾರಿಗೂ ತಿಳಿದಿರಲಿಲ್ಲ.

ಎರ್ಲಿಕ್ ಕಂಡುಕೊಂಡ ಉಪಾಯ ಸರಳವಾಗಿತ್ತು. ಒಂದು ತೊಟ್ಟು ರಕ್ತವನ್ನು ಗಾಜಿನ ತೆಳು ಬಿಲ್ಲೆಯ ಮೇಲೆ ತೆಳ್ಳಗೆ ಹರಡಿ ಒಣಗಿಸುವುದು. ಬಿಸಿ ಮಾಡಿದ ತಾಮ್ರದ ತಗಡಿನ ಮೇಲೆ ಅದನ್ನಿಟ್ಟು ಕಣಗಳು ಗಾಜಿಗೆ ಭದ್ರವಾಗಿ ಅಂಟುವಂತೆ ಮಾಡುವುದು. ಅನಂತರ ಬಣ್ಣದ ದ್ರಾವಣದಲ್ಲಿ ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬಣ್ಣಗಳಲ್ಲಿ ಕೆಲವು ಆಮ್ಲ ಸ್ವಭಾವದವು, ಕೆಲವು ಪ್ರತ್ಯಾಮ್ಲ ಸ್ವಭಾವದವು. ಯಾವ ಕಣದೊಳಗಿನ ಕಣಿಕೆಗಳು ಯಾವ ಬಗೆಯ ಬಣ್ಣವನ್ನು ಹೀರುತ್ತವೆ ಎಂಬುದನ್ನು ಅವರು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. ಆಗ ಒಂದು ವಿಶೇಷ ಕಂಡುಬಂದಿತು. ಇಯೋಸಿನ್ ಎಂಬ ಆಮ್ಲ ಸ್ವಭಾವದ ಕೆಂಬಣ್ಣವನ್ನು ಹಚ್ಚಿದಾಗ ಅಲ್ಲೊಂದು ಇಲ್ಲೊಂದು ಬಿಳಿಯ ಕಣದ ಕಣಿಕೆಗಳು ಕೆಂಡದಂತೆ ಕೆಂಪಾಗಿ ಹೊಳೆದವು. ಪಕ್ಕದ ಕಣಗಳ ಕಣಿಕೆಗಳು ಹೀಗೆ ಹೊಳೆಯಲಿಲ್ಲ.

ಇಯೋಸ್ ಎಂದರೆ ಗ್ರೀಕರ ಅರುಣೋದಯದ ದೇವತೆ. ನಮ್ಮ ವೇದಗಳಲ್ಲಿ ಬರುವ ಉಷೆಯ ಹೆಸರಿಗೂ ಆ ಹೆಸರಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇಯೋಸ್ ಎಂಬ ಹೆಸರಿನಿಂದಲೇ ಆ ಬಣ್ಣಕ್ಕೆ ಇಯೋಸಿನ್ ಎಂದು ಹೆಸರಾಯಿತು. ಇಯೋಸಿನ್ನನ್ನು ಒಲಿದು ಹೀರುವ ಕಣವೆಂಬ ಅರ್ಥದಲ್ಲಿ ಎರ್ಲಿಕ್ ಆ ಕಣವನ್ನು ಇಯೋಸಿನೋಫಿಲ್ ಎಂದು ಕರೆದರು. ಇದೇ ಕ್ರಮದಿಂದ ಅವರು ಬೇರೆ ಬಿಳಿಯ ಕಣಗಳನ್ನೂ ಬಗೆಬಗೆಯಾಗಿ ವಿಂಗಡಿಸಿದರು. ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳನ್ನು ಜಾತಿವಾರು ಎಣಿಸುವ ಪದ್ಧತಿಗೆ ಇದೇ ತಳಹದಿ.

ಆದರೆ ಆ ಕೆಂಪು ಕಣಿಕೆಗಳ ಕಣವು ದೇಹದಲ್ಲಿ ಮಾಡುವ ಕೆಲಸವೇನು? ಎರ್ಲಿಕ್‌ರಿಗೆ ಅದು ಆಗ ತಿಳಿಯದು. ಅವರು ತಮ್ಮ ಅಜ್ಞಾನವನ್ನು ಮುಚ್ಚಿಕೊಳ್ಳಲು ಪ್ರಯತ್ನಿಸಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟು, ನಾನಾ ರೋಗಿಗಳ ರಕ್ತವನ್ನು ಪರೀಕ್ಷಿಸುವ ಕಾರ್ಯವನ್ನು ಮುಂದುವರಿಸಿದರು. ಯಾವ ರೋಗಿಗೂ ಸದ್ಯಕ್ಕೆ ಪ್ರಯೋಜನವಿಲ್ಲದ ಈ ಬಣ್ಣದಾಟದಿಂದ ಫಲವೇನೆಂದು ಕೇಳುವವರಿಗೆ ಹೇಳಬಹುದಾದ ಉತ್ತರ ಆ ದಿನ ಅವರಲ್ಲಿರಲಿಲ್ಲ. ಉತ್ತರವು ಬರಲು ಹತ್ತು ವರ್ಷಗಳು ಬೇಕಾದವು.

ಈ ನಡುವೆ ಅವರ ವರ್ಣವಿದ್ಯೆಗೆ ಮತ್ತೊಂದು ಉಪಯೋಗ ಒದಗಿತು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರು ಕ್ಷಯರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ಸಂಗತಿಯನ್ನು ಪ್ರಕಟಿಸಿದರು. ಸಭೆಯಲ್ಲಿದ್ದ ಎರ್ಲಿಕ್ ಆ ಸೂಕ್ಷ್ಮಜೀವಿಗೆ ಬಣ್ಣ ಹಚ್ಚುವ ಇನ್ನೂ ಉತ್ತಮವಾದ ವಿಧಾನವನ್ನು ಕೂಡಲೇ ಹುಡುಕತೊಡಗಿದರು. ಒಣಗಲೆಂದು ಅವರು ಆರಿದ ಒಲೆಯ ಮೇಲಿಟ್ಟಿದ್ದ ಗಾಜಿನ ಬಿಲ್ಲೆಗಳನ್ನು ಗಮನಿಸದೆ ಯಾರೋ ಬೆಳಿಗ್ಗೆ ಬೆಂಕಿ ಹೊತ್ತಿಸಿದರೆಂದೂ, ಕೆಟ್ಟುಹೋಗಿರಬೇಕಾಗಿದ್ದ ಆ ಬಿಲ್ಲೆಗಳಲ್ಲಿ ಸೂಕ್ಷ್ಮಜೀವಿಗಳು ಹಿಂದೆಂದಿಗಿಂತ ಸ್ಪಷ್ಟವಾಗಿ ಕಂಡವೆಂದೂ ಹೇಳುವ ಪ್ರಸಂಗವು ಪ್ರಸಿದ್ಧವಾಗಿದೆ. ಅವರ ವಿಧಾನದಿಂದ ರೋಗಿಯ ಕಫದಲ್ಲಿ ಕ್ಷಯದ ಸೂಕ್ಷ್ಮಜೀವಿಯನ್ನು ಪತ್ತೆ ಹಚ್ಚುವುದು ಸುಲಭವಾಯಿತು.

1883ರಲ್ಲಿ ಎರ್ಲಿಕ್ ಹೆಡ್ವಿಗ್ ಪಿಂಕಸ್ ಎಂಬ ಕನ್ಯೆಯನ್ನು ವಿವಾಹವಾದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು ಜನಿಸಿದರು. ಆದರೆ ಸುಖದ ದಿನಗಳು ಬಹುಕಾಲ ಉಳಿಯಲಿಲ್ಲ. 1885ರಲ್ಲಿ ಫ್ರೇರಿಕ್ಸ್ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದವರ ಕೈಕೆಳಗೆ ಸಂಶೋಧನೆಗೆ ಮೊದಲಿನ ಸ್ವಾತಂತ್ರ್ಯ ಉಳಿಯಲಿಲ್ಲ. ಇದರ ಜೊತೆಗೆ ಆರೋಗ್ಯವೂ ಕೆಟ್ಟಿತು. ಕೆಮ್ಮು ಕಾಣಿಸಿಕೊಂಡಾಗ ತಮ್ಮ ಕಫವನ್ನೇ ಪರೀಕ್ಷಿಸಿದ ಎರ್ಲಿಕ್‌ರಿಗೆ ಅಲ್ಲಿ ಕ್ಷಯದ ಸೂಕ್ಷ್ಮಜೀವಿಗಳು ಕಂಡವು. ಇತರರ ರೋಗವನ್ನು ಪತ್ತೆ ಹಚ್ಚಲು ತಾವು ರೂಪಿಸಿದ್ದ ವಿಧಾನವೇ ತಮ್ಮ ರೋಗವನ್ನೂ ತಿಳಿಸಿತು. 1888ರಲ್ಲಿ ಅವರು ಪತ್ನಿಯೊಡನೆ ಈಜಿಪ್ಟ್ ದೇಶಕ್ಕೆ ತೆರಳಿ, ಅಲ್ಲಿನ ಒಣ ಹವೆಯಲ್ಲಿ ಚೇತರಿಸಿಕೊಂಡು, 1889ರಲ್ಲಿ ಬರ್ಲಿನ್ನಿಗೆ ಹಿಂದಿರುಗಿದರು. ಆಗ ಅವರಿಗೆ ಉದ್ಯೋಗವಿರಲಿಲ್ಲ. ಆದರೂ ಎದೆಗುಂದದೆ ಒಂದು ಸಣ್ಣ ಖಾಸಗಿ ಪ್ರಯೋಗಶಾಲೆಯನ್ನು ತೆರೆದು ಕೆಲಸದಲ್ಲಿ ಮಗ್ನರಾದರು.

ಇದೇ ಕಾಲದಲ್ಲಿ, ಹತ್ತು ವರ್ಷಗಳ ಹಿಂದೆ ಅವರು ಹೆಸರಿಟ್ಟಿದ್ದ ಕಣಕ್ಕೂ ಉಬ್ಬಸಕ್ಕೂ ಇರುವ ನಂಟು ಬೆಳಕಿಗೆ ಬಂದಿತು. 1889-90ರ ಸುಮಾರಿನಲ್ಲಿ ಜರ್ಮನಿಯ ವೈದ್ಯರು ಎರ್ಲಿಕ್‌ರ ವಿಧಾನವನ್ನು ಅನುಸರಿಸಿ ಉಬ್ಬಸದ ರೋಗಿಗಳ ಕಫವನ್ನೂ ರಕ್ತವನ್ನೂ ಪರೀಕ್ಷಿಸಿದರು. ಕಫದಲ್ಲಿ ಇಯೋಸಿನ್ ಬಣ್ಣ ಹೀರಿದ ಕಣಗಳು ಹೇರಳವಾಗಿದ್ದವು. ರಕ್ತದಲ್ಲಿಯೂ ಅವುಗಳ ಸಂಖ್ಯೆ ಏರಿತ್ತು. ಲೈಡನ್ ಎಂಬ ವೈದ್ಯರು 1872ರಲ್ಲಿಯೇ ಉಬ್ಬಸದ ರೋಗಿಗಳ ಕಫದಲ್ಲಿ ಚೂಪಾದ ಸಣ್ಣ ಸ್ಫಟಿಕಗಳನ್ನು ಕಂಡು ವರ್ಣಿಸಿದ್ದರು. ಅವೂ ಈ ಕಣಗಳೊಳಗಿನ ಪ್ರೋಟೀನಿನಿಂದಲೇ ಉಂಟಾದುವೆಂಬುದು ಬಹುಕಾಲದ ಮೇಲೆ ಗೊತ್ತಾಯಿತು. ಉಬ್ಬಸವು ಬರಿಯ ನರಗಳ ದೌರ್ಬಲ್ಯವೆಂದು ಅನೇಕರು ತಿಳಿದಿದ್ದ ಕಾಲದಲ್ಲಿ, ಅದಕ್ಕೆ ಕಣ್ಣಾರೆ ಕಾಣಬಹುದಾದ, ಲೆಕ್ಕ ಮಾಡಬಹುದಾದ ಒಂದು ಗುರುತು ಹೀಗೆ ದೊರೆತಂತಾಯಿತು.

1898ರಲ್ಲಿ ಎರ್ಲಿಕ್ ತಮ್ಮ ಸಹೋದ್ಯೋಗಿ ಲಾಜರಸ್ ಅವರೊಡನೆ ರಕ್ತಹೀನತೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಇಯೋಸಿನೋಫಿಲ್ ಕಣಗಳು ಹೆಚ್ಚುವ ಸಂದರ್ಭಗಳನ್ನು ಚರ್ಚಿಸುವಾಗ ಉಬ್ಬಸವನ್ನೂ ಅಲ್ಲಿ ಪರಿಶೀಲಿಸಿದರು. ಈ ಕಣಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟುತ್ತವೆಂದೂ, ಅಲ್ಲಿಂದ ರಕ್ತದ ಮೂಲಕ ಸಾಗಿ ತೊಂದರೆಯಿರುವ ಸ್ಥಳಕ್ಕೆ ಸೆಳೆಯಲ್ಪಡುತ್ತವೆಂದೂ ಅವರ ಅಭಿಪ್ರಾಯವಾಗಿತ್ತು. ಹಾಗಿರುವಲ್ಲಿ ರಕ್ತವು ಈ ಕಣಗಳ ಹುಟ್ಟೂರೂ ಅಲ್ಲ, ತಲುಪಬೇಕಾದ ಊರೂ ಅಲ್ಲ. ಅವು ನಡೆದುಹೋಗುವ ಹೆದ್ದಾರಿ ಮಾತ್ರ. ಹೆದ್ದಾರಿಯಲ್ಲಿ ಜನಸಂಚಾರ ಹೆಚ್ಚಿದ್ದರೆ ಮುಂದಿನ ಊರಿನಲ್ಲಿ ಏನೋ ನಡೆದಿದೆಯೆಂದು ಊಹಿಸುವಂತೆ, ರಕ್ತದಲ್ಲಿನ ಏರಿಕೆಯಿಂದ ವೈದ್ಯರು ಶ್ವಾಸನಾಳದ ಸ್ಥಿತಿಯನ್ನು ಊಹಿಸಬಲ್ಲರು.

ಎರ್ಲಿಕ್‌ರ ಖ್ಯಾತಿ ಈ ಒಂದು ಕಾರ್ಯಕ್ಕೆ ಸೀಮಿತವಾಗಲಿಲ್ಲ. 1891ರಲ್ಲಿ ಅವರು ಕಾಕ್ ಅವರ ಸಂಸ್ಥೆಯನ್ನು ಸೇರಿ, ಮಕ್ಕಳ ಪಾಲಿಗೆ ಯಮನಂತಿದ್ದ ಗಂಟಲುಮಾರಿಯ ಪ್ರತಿವಿಷದ ಶಕ್ತಿಯನ್ನು ಅಳೆಯುವ ಖಚಿತವಾದ ಕ್ರಮವನ್ನು ರೂಪಿಸಿದರು. 1899ರಲ್ಲಿ ಫ್ರಾಂಕ್‌ಫರ್ಟ್ ನಗರದಲ್ಲಿ ಅವರ ನೇತೃತ್ವದಲ್ಲಿ ಸಂಶೋಧನಾ ಸಂಸ್ಥೆಯೊಂದು ಆರಂಭವಾಯಿತು. ದೇಹದ ರೋಗನಿರೋಧಕ ಶಕ್ತಿಯನ್ನು ಕುರಿತ ಸಂಶೋಧನೆಗಾಗಿ 1908ರಲ್ಲಿ ಮೆಚ್ನಿಕಾಫ್ ಅವರೊಡನೆ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಷ್ಟಾದರೂ ಅವರ ನಡೆನುಡಿಗಳು ಬದಲಾಗಲಿಲ್ಲ. ಕೈಬೆರಳುಗಳಲ್ಲಿ ಬಣ್ಣದ ಕಲೆ, ಕಂಕುಳಲ್ಲಿ ಚುಟ್ಟಾದ ಪೆಟ್ಟಿಗೆ, ಕೋಣೆಯ ತುಂಬ ರಾಶಿ ರಾಶಿ ಪುಸ್ತಕ. ಇದು ಅವರ ಚಿತ್ರ. ದಿನನಿತ್ಯ ಸಹಾಯಕರಿಗೆ ಕೊಡಬೇಕಾದ ಸೂಚನೆಗಳನ್ನು ಬಣ್ಣಬಣ್ಣದ ಸಣ್ಣ ಚೀಟಿಗಳಲ್ಲಿ ಬರೆದು ಕಳುಹಿಸುತ್ತಿದ್ದರು. ಮಿತಿಮೀರಿದ ಧೂಮಪಾನವು ಅವರ ಬಾಳಿನಲ್ಲಿದ್ದ ಒಂದು ದೊಡ್ಡ ದೌರ್ಬಲ್ಯ.

ಬಣ್ಣವು ಒಂದು ಕೋಶವನ್ನು ಆರಿಸಿಕೊಂಡು ಅಂಟುವುದಾದರೆ, ರೋಗಿಗೆ ಕೇಡು ಮಾಡದೆ ರೋಗಾಣುವನ್ನು ಮಾತ್ರ ಆರಿಸಿಕೊಂಡು ಕೊಲ್ಲುವ ಔಷಧಿಯೂ ಇರಬೇಕಲ್ಲವೇ? ಗುರಿ ತಪ್ಪದ ರಾಮಬಾಣದಂಥ ಈ ಔಷಧಿಯ ಅನ್ವೇಷಣೆಯಲ್ಲಿ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದರು. ನೂರಾರು ಪಾಷಾಣದ ಸಂಯುಕ್ತಗಳನ್ನು ತಯಾರಿಸಿ ಪರೀಕ್ಷಿಸಲಾಯಿತು. 1909ರಲ್ಲಿ ಜಪಾನಿನಿಂದ ಬಂದ ಸಹಚಿರೊ ಹಾತಾ ಎಂಬ ಸಹಾಯಕರು ಸಹನೆಯಿಂದ ಮರುಪರೀಕ್ಷೆ ಮಾಡಿದಾಗ 606ನೆಯ ಸಂಖ್ಯೆಯ ಸಂಯುಕ್ತವು ಸಿಫಿಲಿಸ್ ಎಂಬ ಘೋರವ್ಯಾಧಿಯ ರೋಗಾಣುವನ್ನು ಕೊಲ್ಲುವುದೆಂದು ತಿಳಿಯಿತು. 1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಹೊರಬಂದಿತು. ಅದನ್ನು ಸುಧಾರಿಸಿದ ನಿಯೋಸಾಲ್ವರ್ಸಾನ್ 1912ರಲ್ಲಿ ಬಂದಿತು. ಕೀರ್ತಿಯೊಡನೆ ನಿಂದೆಯೂ ಅಪಪ್ರಚಾರವೂ ಬಂದವು. ಅವುಗಳಿಂದ ಅವರ ಆರೋಗ್ಯ ಕುಗ್ಗಿತು. 1915ರ ಆಗಸ್ಟ್ 20ರಂದು, ತಮ್ಮ ಅರುವತ್ತೊಂದನೆಯ ವಯಸ್ಸಿನಲ್ಲಿ, ಬಾಟ್ ಹೋಂಬುರ್ಗ್ ಎಂಬ ಊರಿನಲ್ಲಿ ಅವರು ನಿಧನರಾದರು.

ಎರ್ಲಿಕ್‌ರು ಯಹೂದಿಗಳಾಗಿದ್ದ ಕಾರಣ, ನಾಜಿಗಳ ಆಡಳಿತದಲ್ಲಿ ಫ್ರಾಂಕ್‌ಫರ್ಟಿನ ರಸ್ತೆಯೊಂದಕ್ಕೆ ಇದ್ದ ಅವರ ಹೆಸರನ್ನು ಅಳಿಸಿಹಾಕಲಾಯಿತು. ಅವರ ವೃದ್ಧ ಪತ್ನಿ ದೇಶವನ್ನೇ ಬಿಟ್ಟುಹೋಗಬೇಕಾಯಿತು. ಆದರೆ ಜಗತ್ತಿನ ಆಸ್ಪತ್ರೆಗಳಲ್ಲಿ ಅವರು ಇಟ್ಟ ಹೆಸರನ್ನು ಯಾರೂ ಅಳಿಸಲಾಗಲಿಲ್ಲ. ಯುದ್ಧವು ಮುಗಿದ ಮೇಲೆ, 1947ರಲ್ಲಿ, ಅವರು ನಡೆಸಿದ್ದ ಸಂಸ್ಥೆಗೆ ಅವರದೇ ಹೆಸರನ್ನಿಟ್ಟು ಗೌರವಿಸಲಾಯಿತು.

ಎರ್ಲಿಕ್‌ರ ಕಾಲಾನಂತರ ಆ ಕೆಂಪು ಕಣದ ಕಥೆ ಇನ್ನಷ್ಟು ಬೆಳೆಯಿತು. ಧೂಳಿನಲ್ಲಿರುವ ಕ್ಷುದ್ರಕೀಟಗಳಾಗಲಿ ಹೂವಿನ ಪರಾಗವಾಗಲಿ ಒಗ್ಗದವರ ಶ್ವಾಸನಾಳವನ್ನು ಹೊಕ್ಕಾಗ ಮೊದಲು ಕೆರಳುವುದು ಮಾಸ್ಟ್ ಕೋಶ. ಅದು ಹೊರಸೂಸುವ ರಾಸಾಯನಿಕಗಳಿಂದ ನಾಳದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ಕೆಲವು ಗಂಟೆಗಳ ಬಳಿಕ ಇಯೋಸಿನೋಫಿಲ್ ಕಣಗಳು ರಕ್ತದಿಂದ ನಾಳದ ಗೋಡೆಯೊಳಕ್ಕೆ ನುಗ್ಗುತ್ತವೆ. ಅವುಗಳ ಕಣಿಕೆಗಳಲ್ಲಿರುವ ಪ್ರೋಟೀನುಗಳು ಹುಳುಗಳಂಥ ಶತ್ರುಗಳ ಮೇಲೆ ಬಳಸಲು ದೇಹವು ಸಂಗ್ರಹಿಸಿಟ್ಟ ಆಯುಧಗಳು. ಶತ್ರುವಿಲ್ಲದೆಡೆಯಲ್ಲಿ ಅವು ಬಿಡುಗಡೆಯಾದಾಗ ಶ್ವಾಸನಾಳದ ಒಳಪದರವೇ ಗಾಯಗೊಳ್ಳುತ್ತದೆ. ನಾಳವು ಊದಿಕೊಂಡು ಉಸಿರಾಟ ಕಷ್ಟವಾಗುತ್ತದೆ. ಕಾಯಬೇಕಾದ ಕಾವಲುಗಾರನೇ ಮನೆಯವರ ಮೇಲೆ ಕೈಮಾಡಿದಂತೆ ಇದು.

1958ರಲ್ಲಿ ಇಂಗ್ಲೆಂಡಿನ ಡರ್ಬಿ ನಗರದ ಮಾರೋ ಬ್ರೌನ್ ಎಂಬ ವೈದ್ಯರು ಮಹತ್ತ್ವದ ಸಂಗತಿಯೊಂದನ್ನು ತೋರಿಸಿಕೊಟ್ಟರು. ಸ್ಟೀರಾಯ್ಡ್ ಔಷಧಿಯು ಉಬ್ಬಸದ ಕೆಲವು ರೋಗಿಗಳಿಗೆ ಅದ್ಭುತವಾಗಿ ಗುಣ ಕೊಡುತ್ತಿತ್ತು, ಕೆಲವರಿಗೆ ಕೊಡುತ್ತಿರಲಿಲ್ಲ. ಅವರು ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಇಯೋಸಿನೋಫಿಲ್ ಕಣಗಳಿದ್ದವರಿಗೆ ಔಷಧಿ ಫಲಿಸುವುದೆಂದೂ ಇಲ್ಲದವರಿಗೆ ಫಲಿಸದೆಂದೂ ಕಂಡಿತು. ಮಜ್ಜೆಯಲ್ಲಿ ಈ ಕಣಗಳನ್ನು ಬೆಳೆಸುವ ಇಂಟರ್‌ಲ್ಯೂಕಿನ್-5 ಎಂಬ ವಸ್ತು ಮುಂದೆ ಪತ್ತೆಯಾಯಿತು. ಆ ಒಂದು ವಸ್ತುವನ್ನು ಮಾತ್ರ ಹಿಡಿದು ತಡೆಯುವ ಮೆಪೋಲಿಜುಮ್ಯಾಬ್ ಎಂಬ ಔಷಧಿಯು 2015ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದು, ಈ ಕಣಗಳು ಹೆಚ್ಚಿರುವ ತೀವ್ರ ಉಬ್ಬಸದ ರೋಗಿಗಳಿಗೆ ಆಸರೆಯಾಯಿತು. ಗುರಿ ತಪ್ಪದ ಬಾಣವನ್ನು ಹುಡುಕಿದ ಎರ್ಲಿಕ್‌ರ ಕನಸಿಗೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹವಾದುದು.

ಈ ಕಥೆಯ ಒಂದು ಅಧ್ಯಾಯ ನಮ್ಮ ದೇಶದಲ್ಲಿಯೂ ನಡೆಯಿತು. ಕೋಲಾರದ ಗಡಿಗೆ ದೂರವಲ್ಲದ ಮದನಪಲ್ಲಿಯ ಬಳಿಯ ಆರೋಗ್ಯವರಂ ಕ್ಷಯ ಚಿಕಿತ್ಸಾಲಯದಲ್ಲಿ ಫ್ರಿಮೋಟ್ ಮೊಲ್ಲರ್ ಮತ್ತು ಬಾರ್ಟನ್ ಎಂಬ ವೈದ್ಯರು, ಕ್ಷಯದಂತೆ ತೋರಿದರೂ ಕ್ಷಯವಲ್ಲದ ಒಂದು ಶ್ವಾಸಕೋಶದ ರೋಗವನ್ನು 1940ರಲ್ಲಿ ವರ್ಣಿಸಿದರು. ಆ ರೋಗಿಗಳ ರಕ್ತದಲ್ಲಿ ಇಯೋಸಿನೋಫಿಲ್ ಕಣಗಳು ವಿಪರೀತವಾಗಿ ಏರಿದ್ದವು. ರಾತ್ರಿಯ ಕೆಮ್ಮು, ಉಬ್ಬಸದಂಥ ಏದುಸಿರು ಈ ರೋಗದ ಲಕ್ಷಣಗಳು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯರು ಇದಕ್ಕೆ ಉಷ್ಣವಲಯದ ಇಯೋಸಿನೋಫಿಲಿಯಾ ಎಂದು ಹೆಸರಿಟ್ಟು, ಪಾಷಾಣದ ಔಷಧಿಯೊಂದರಿಂದ ಅದು ಗುಣವಾಗುವುದನ್ನು ತೋರಿಸಿದರು. ಆ ಔಷಧಿ ಬೇರಾವುದೂ ಅಲ್ಲ, ಎರ್ಲಿಕ್‌ರ ನಿಯೋಸಾಲ್ವರ್ಸಾನ್. ಅವರು ತಾರುಣ್ಯದಲ್ಲಿ ಕಂಡ ಕಣವೂ ಮುಪ್ಪಿನಲ್ಲಿ ನಿರ್ಮಿಸಿದ ಔಷಧಿಯೂ, ಅವರು ಗತಿಸಿ ಇಪ್ಪತ್ತೆಂಟು ವರ್ಷಗಳ ಮೇಲೆ, ಅವರು ಎಂದೂ ಕಾಣದ ನಾಡಿನ ರೋಗಿಗಳ ದೇಹದಲ್ಲಿ ಹೀಗೆ ಎದುರುಬದುರಾದವು. ಈ ರೋಗಕ್ಕೆ ಕಾರಣ ಆನೆಕಾಲು ರೋಗವನ್ನು ತರುವ ಹುಳುಗಳೇ ಎಂಬುದು ಮುಂದೆ ತಿಳಿದು, ಪಾಷಾಣದ ಔಷಧಿಯ ಬದಲು ಅದಕ್ಕಿಂತ ನಿರಪಾಯವಾದ ಬೇರೆ ಔಷಧಿ ಬಳಕೆಗೆ ಬಂದಿತು.

ಇದರಿಂದ ಮತ್ತೊಂದು ಎಚ್ಚರವನ್ನೂ ಕಲಿಯಬೇಕಾಗಿದೆ. ರಕ್ತದಲ್ಲಿ ಈ ಕಣಗಳು ಹೆಚ್ಚಿದ ಮಾತ್ರಕ್ಕೆ ಉಬ್ಬಸವೆಂದು ಹೇಳಲಾಗದು. ಹೊಟ್ಟೆಯ ಹುಳುಗಳಿಂದಲೂ ಚರ್ಮದ ಅಲರ್ಜಿಯಿಂದಲೂ ಕೆಲವು ಔಷಧಿಗಳಿಂದಲೂ ಅವು ಹೆಚ್ಚಬಹುದು. ಉಬ್ಬಸದ ರೋಗಿಗಳೆಲ್ಲರಲ್ಲಿಯೂ ಅವು ಏರುವುದಿಲ್ಲ. ಒಬ್ಬನಲ್ಲಿಯೇ ದಿನದ ಬೇರೆ ಬೇರೆ ವೇಳೆಗಳಲ್ಲಿ ಅವುಗಳ ಸಂಖ್ಯೆ ಬೇರೆಯಾಗಬಹುದು. ಅಂಕಿಯನ್ನು ರೋಗಿಯೊಡನೆ ಇಟ್ಟು ನೋಡಿ ನಿರ್ಣಯಿಸುವುದು ವೈದ್ಯನ ವಿವೇಕ.

ಎರ್ಲಿಕ್ ಇಯೋಸಿನ್ನಿನಿಂದ ರಕ್ತಕ್ಕೆ ಬಣ್ಣ ಹಚ್ಚಿದಾಗ ಉಬ್ಬಸದ ಮದ್ದನ್ನು ಹುಡುಕುತ್ತಿರಲಿಲ್ಲ. ಎದುರಿಗಿರುವುದನ್ನು ಸರಿಯಾಗಿ ನೋಡಬೇಕೆಂಬುದಷ್ಟೇ ಅವರ ಹಂಬಲವಾಗಿತ್ತು. ಕಂಡದ್ದನ್ನು ನಿಷ್ಠೆಯಿಂದ ದಾಖಲಿಸಿ, ಅದರ ಅರ್ಥವನ್ನು ಬಿಡಿಸುವ ಭಾಗ್ಯವನ್ನು ಮುಂದಿನವರಿಗೆ ಬಿಟ್ಟರು. ಇಂದಿಗೂ ಸಣ್ಣ ಊರಿನ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಮೇಲೆ ಬಾಗಿ ಬಿಳಿಯ ಕಣಗಳನ್ನು ಎಣಿಸುವವರ ಕಣ್ಣಿಗೆ ಅದೇ ಅರುಣವರ್ಣದ ಕಣವು ಬೀಳುತ್ತದೆ. ಆ ಎಣಿಕೆಯನ್ನು ಆಧರಿಸಿ ವೈದ್ಯರು ತಕ್ಕ ಔಷಧಿಯನ್ನು ಆರಿಸುತ್ತಾರೆ. ರಾತ್ರಿಯೆಲ್ಲ ಎದ್ದು ಕುಳಿತಿರುತ್ತಿದ್ದ ರೋಗಿಯು ನೆಮ್ಮದಿಯಾಗಿ ಮಲಗಿ ಉಸಿರಾಡುತ್ತಾನೆ.